ತಲೆಕಟ್ಟಿದ ಪಾವು

“ಕೇಳಿರಪ್ಪೋ ಕೇಳಿರಿ! ರಾಜ ಚಂಡಕೇತುವಿನ ಮೂರು ಒಗಟು ಬಿಡಿಸಿದವರಿಗೆ ಅರಮನೆಯ ಅಡುಗೆಮನೆಯ ಯಜಮಾನಿಕೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ನೇಣು!”

ಹೀಗೆಂದು ಊರೆಲ್ಲ ಡಂಗುರ ಹೊಡೆದರು. ಇದಕ್ಕೆಲ್ಲ ಕಾರಣ ಒಂದು ಸಿಹಿರೊಟ್ಟಿ. ರಾಣಿ ಹೊನ್ನಾಜಿಯ ತವರಿನಲ್ಲಿ ಗೋಧಿಹಿಟ್ಟು, ಬೆಲ್ಲ, ತುಪ್ಪ ಕಲಸಿ, ಮೇಲೂ ಕೆಳಗೂ ಕೆಂಡವಿಟ್ಟು ಅದನ್ನು ಬೇಯಿಸುತ್ತಿದ್ದರು. “ನಮ್ಮಣ್ಣನ ಮನೆಯ ರೊಟ್ಟಿ ಉಬ್ಬಿ ನಿಲ್ಲುತ್ತದೆ” ಎಂದು ರಾಣಿ ಊಟಕ್ಕೆ ಕೂತಾಗಲೆಲ್ಲ ಹೇಳುವಳು. ಇಲ್ಲಿಯ ರೊಟ್ಟಿಯಾದರೋ ತುಪ್ಪ ಹರಿದು ಚಪ್ಪಟೆಯಾಗುತ್ತಿತ್ತು. ಭಾವನ ಹೆಸರು ಕೇಳಿದರೆ ಸಾಕು, ರಾಜ ತಟ್ಟೆ ದೂಡಿ ಏಳುತ್ತಿದ್ದ.

ಮೊದಲು ಬಂದ ಆಸ್ಥಾನದ ಜೋಯಿಸರು ಮೂರು ಒಗಟಿಗೂ ಒಂದೇ ಉತ್ತರ, ರೊಟ್ಟಿಗೆ ದೃಷ್ಟಿ ತಗುಲಿದೆ ಎಂದರು. ಲೆಕ್ಕದ ಪಂಡಿತರು ಹಿಟ್ಟು ಅಳೆಯುವ ಪಾವು ಸವೆದಿದೆ ಎಂದರು. ಅಡುಗೆಯ ಕೆಂಚಪ್ಪ ಒಲೆಯನ್ನು ದೂರಿದ. ಮೂವರೂ ತಪ್ಪಿ ಸೆರೆ ಸೇರಿದರು.

ಅಮಾವಾಸ್ಯೆಗೆ ಎರಡು ದಿನವಿರುವಾಗ ಕೆಂಚಪ್ಪನ ಹೆಂಡತಿ ನಿಂಗವ್ವ ಬಂದಳು. ಅರಮನೆಯ ಹಿಂದುಗಡೆ ಹಿಟ್ಟು ಜರಡಿ ಹಿಡಿಯುವವಳು. ರೆಪ್ಪೆಯ ಮೇಲೂ ಹಿಟ್ಟಿತ್ತು.

“ಗಂಡನ ಜೊತೆಗೇ ಹೋಗಬೇಕೆಂದಿದ್ದೀಯೋ?” ಎಂದ ರಾಜ.

“ಕರಕೊಂಡು ಹೋಗೋಣ ಅಂತ ಬಂದೆ, ಬುದ್ಧಿ.”

“ಹಾಗಾದರೆ ಕೇಳು. ಬೆಳಗ್ಗೆ ಒಬ್ಬಳು ಬಂದು ಮನೆ ತುಂಬ ಕೂತಳು, ಹಗುರಾಗಿದ್ದಳು. ಸಂಜೆ ಅವಳೇ ಬಂದು ಅದೇ ಮನೆ ತುಂಬ ಕೂತಳು, ಭಾರವಾಗಿದ್ದಳು. ನಡುವೆ ಏನೂ ತಿಂದಿರಲಿಲ್ಲ. ಯಾರವಳು?”

“ಹಿಟ್ಟು, ಬುದ್ಧಿ. ಜರಡಿಯಿಂದ ಆಗಷ್ಟೇ ಬಿದ್ದದ್ದರಲ್ಲಿ ಗಾಳಿ ತುಂಬಿರುತ್ತದೆ. ಚೀಲದಲ್ಲಿ ಕುಕ್ಕಿಟ್ಟರೆ ಅದೇ ಪಾವಿಗೆ ಹೆಚ್ಚು ಹಿಡಿಯುತ್ತದೆ.”

ರಾಣಿ ಸರಿಯೆಂದು ತಲೆಯಾಡಿಸಿದಳು. ರಾಜನಿಗೆ ಅದೂ ಹಿಡಿಸಲಿಲ್ಲ.

“ಮೂವರು ಸರದಿಯ ಮೇಲೆ ಒಂದೇ ಅಂಗಿ ತೊಟ್ಟರು. ಮೂವರಿಗೂ ಸರಿಯಾಯಿತು. ತಕ್ಕಡಿ ಹತ್ತಿದರೆ ಒಬ್ಬರಂತೆ ಒಬ್ಬರಿಲ್ಲ.”

“ಅಂಗಿ ನಮ್ಮ ಪಾವು. ತೊಟ್ಟವರು ಹಿಟ್ಟು, ಬೆಲ್ಲದ ಪುಡಿ, ತುಪ್ಪ. ಹಿಟ್ಟು ಹತ್ತು ತೊಲ, ಬೆಲ್ಲ ಹದಿನಾಲ್ಕು, ತುಪ್ಪ ಹದಿನಾರು.”

ರಾಜ ಎರಡು ಪಾವುಗಳನ್ನು ಮುಂದಿಟ್ಟ. “ಇದು ನನ್ನದು, ಅದು ರಾಣಿಯ ತವರಿನದು. ನೀರು ತುಂಬಿ ನೋಡಿದ್ದೇನೆ, ಹನಿಯಷ್ಟೂ ವ್ಯತ್ಯಾಸವಿಲ್ಲ. ಆದರೂ ಅಲ್ಲಿಯ ಪಾವಿನಲ್ಲಿ ಹಿಡಿಯುವುದು ಇಲ್ಲಿಯದರಲ್ಲಿ ಹಿಡಿಯುವುದಿಲ್ಲ. ಏನದು?” ದನಿ ತಗ್ಗಿಸಿ, “ಇದರ ಉತ್ತರ ನನಗೂ ಗೊತ್ತಿಲ್ಲ” ಎಂದ.

ನಿಂಗವ್ವ ಎರಡೂ ಪಾವುಗಳ ಬಾಯಿಯ ಮೇಲೆ ಬೆರಳಾಡಿಸಿದಳು.

“ನಾನೂ ಅಮ್ಮಾವರ ಸೀಮೆಯಲ್ಲಿ ಹುಟ್ಟಿದವಳು. ಅಲ್ಲಿ ಹಿಟ್ಟನ್ನು ಪಾವಿನ ಬಾಯಿ ಮೀರಿ ಗೋಪುರದ ಹಾಗೆ ತಲೆಕಟ್ಟಿ ಅಳೆಯುತ್ತಾರೆ. ತುಪ್ಪಕ್ಕೆ ತಲೆ ಕಟ್ಟಲಾಗುವುದಿಲ್ಲ. ಇಲ್ಲಿ ಹಿಟ್ಟನ್ನೂ ಕೋಲಿನಿಂದ ಸವರಿ ಅಳೆಯುತ್ತೇವೆ. ಹಿಟ್ಟು ಕಡಿಮೆ, ತುಪ್ಪ ಅಷ್ಟೇ. ರೊಟ್ಟಿ ಹೇಗೆ ನಿಂತೀತು?”

“ಇಲ್ಲಿ ಯಾಕೆ ಸವರುತ್ತೀರಿ?”

“ತಮ್ಮ ಮದುವೆಯ ವರ್ಷ ಡಂಗುರವಾಗಿತ್ತು, ಬುದ್ಧಿ. ಭಾವನವರ ಸೀಮೆಯ ಪದ್ಧತಿ ಯಾವುದೂ ಇಲ್ಲಿ ನಡೆಯಕೂಡದು ಅಂತ.”

ರಾಜ ರಾಣಿಯ ಕಡೆ ನೋಡದೆ ಕಿರೀಟ ಸರಿಪಡಿಸಿಕೊಂಡ.

“ಗಂಡನಿಗೇಕೆ ಹೇಳಲಿಲ್ಲ?” ಎಂದ.

“ಅವರು ಕೇಳಲಿಲ್ಲ.”

“ಈಗ ನಾನು ಭಾವನ ಹಾಗೆ ಹಿಟ್ಟಿಗೆ ತಲೆ ಕಟ್ಟಬೇಕೋ?”

“ಬೇಡ, ಬುದ್ಧಿ. ತಲೆಕಟ್ಟಿದ ಪಾವು ಹದಿಮೂರು ತೊಲ ಬರುತ್ತದೆ. ತೂಗಿ ಹಾಕೋಣ. ತಕ್ಕಡಿಗೆ ತವರೂ ಇಲ್ಲ, ಅತ್ತೆಮನೆಯೂ ಇಲ್ಲ.”

ತೂಗಿ, ಕಲಸಿ, ಕೆಂಡವಿಟ್ಟರು. ರೊಟ್ಟಿ ಉಬ್ಬಿ ನಿಂತಿತು. ರಾಣಿ ಮುರಿದು ತಿಂದು ಕಣ್ಣೊರೆಸಿಕೊಂಡಳು.

“ಅಣ್ಣನ ಮನೆಯದಕ್ಕಿಂತ ಚೆನ್ನಾಗಿದೆಯೋ?” ಎಂದ ರಾಜ.

“ಅಷ್ಟೇ ಚೆನ್ನಾಗಿದೆ.”

ರಾಜ ಮತ್ತೊಂದು ಚೂರು ತಿಂದ. ಅಷ್ಟೇ ಚೆನ್ನಾಗಿದ್ದದ್ದು ಅವನಿಗೆ ಸಾಕಾದಂತೆ ಕಾಣಲಿಲ್ಲ. ಆದರೆ ಮಾತು ಮಾತೇ. ಸೆರೆಯ ಬಾಗಿಲು ತೆರೆಸಿ ಮೂವರನ್ನೂ ಬಿಡಿಸಿದ. ಅಡುಗೆಮನೆಯ ಬೀಗದ ಕೈ ನಿಂಗವ್ವನ ಸೊಂಟ ಸೇರಿತು. ಕೆಂಚಪ್ಪ ಅವಳ ಕೈಕೆಳಗೆ ಜರಡಿ ಹಿಡಿದ. ಈಗ ಏನೇ ಅನುಮಾನ ಬಂದರೂ ಮೊದಲು ಹೆಂಡತಿಯನ್ನು ಕೇಳುತ್ತಿದ್ದ.

ಮರುದಿನ ಡಂಗುರದವನು ಮತ್ತೆ ಹೊರಟ. ಅಡುಗೆಯ ಸಾಮಾನನ್ನೆಲ್ಲ ಇನ್ನು ತೂಗಿಯೇ ಹಾಕಬೇಕೆಂದು ಸಾರಿದ. ಕೊನೆಯಲ್ಲಿ ರಾಜ ತಾನೇ ಸೇರಿಸಿದ ಒಂದು ಮಾತೂ ಇತ್ತು: ಈ ತೂಕದ ಲೆಕ್ಕವನ್ನು ಭಾವನವರ ಸೀಮೆಯಲ್ಲಿ ಯಾರೂ ಬಾಯಿಬಿಡಕೂಡದು.