ಸಗಣಿ ಹುಳ ಹಿಂದಕ್ಕೆ ನಡೆಯುವುದು ಯಾಕೆ

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಹುಲ್ಲು ಆಗಷ್ಟೇ ಮೊಳೆತಿತ್ತು. ದನಗಳು ಬಂದವು. ಮೇಯ್ದವು, ಸಗಣಿ ಹಾಕಿದವು, ಮತ್ತೆ ಮೇಯ್ದವು. ಸಗಣಿ ಬಿದ್ದಲ್ಲೇ ಒಣಗಿತು. ಅದರಡಿ ಸಿಕ್ಕ ಹುಲ್ಲು ಉಸಿರುಗಟ್ಟಿ ಹಳದಿಯಾಯಿತು.

ಭೂಮಿ ಎಲ್ಲರನ್ನೂ ಕೇಳಿಕೊಂಡಿತು. ಇದನ್ನು ನನ್ನ ಹೊಟ್ಟೆಯೊಳಗೆ ಹಾಕಿ, ಅರಗಿಸಿಕೊಳ್ಳುತ್ತೇನೆ. ಮೇಲೆ ಬಿಟ್ಟರೆ ಹುಲ್ಲೂ ಉಳಿಯುವುದಿಲ್ಲ, ನೀವೂ ಉಳಿಯುವುದಿಲ್ಲ ಎಂದಿತು.

ಹಳ್ಳದ ದಂಡೆಯ ಕೆಸುವಿನ ಎಲೆಯಡಿ ಹುಳಗಳೆಲ್ಲ ಸೇರಿದವು. ಚಿಟ್ಟೆ ಬಂತು, ಜೇಡ ಬಂತು, ಚೇಳು, ಜೇನು, ಮಿಡತೆ ಬಂದವು. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ಒಬ್ಬೊಬ್ಬರು ಸರದಿಯಂತೆ ಸಗಣಿ ಹೊರಬೇಕು ಎಂದು ಮಾತಾಯಿತು. ಮೊದಲು ಯಾರು ಎಂದಾಗ ಎಲ್ಲರೂ ನೆಲ ನೋಡಿದರು.

ಅಲ್ಲಿ ದುರುಗವ್ವ ಎಂಬ ಹುಳ ಇದ್ದಳು. ಗಟ್ಟಿ ಕಾಲು, ಹೊಳೆಯುವ ಬೆನ್ನು. ಆಗ ಅವಳನ್ನು ಯಾರೂ ಸಗಣಿ ಹುಳ ಎನ್ನುತ್ತಿರಲಿಲ್ಲ. ಅವಳೂ ಎಲ್ಲರಂತೆ ಮುಂದಕ್ಕೇ ನಡೆಯುತ್ತಿದ್ದಳು. ಮೊದಲ ಸರದಿ ನನಗಿರಲಿ ಬಿಡಿ ಎಂದಳು. ಕೊಟ್ಟ ಮಾತನ್ನು ನಂಬಿದಳು. ಅವಳ ತಪ್ಪು ಅದೊಂದೇ.

ಅವಳ ಸರದಿ ಮುಗಿದು ಅಮಾವಾಸ್ಯೆ ಬಂತು. ದುರುಗವ್ವ ಜೇಡನ ಮನೆಗೆ ಹೋದಳು. ನೂಲು ಕೆಡುತ್ತದೆ ಎಂದಿತು ಜೇಡ. ಜೇನಿನ ಮನೆಗೆ ಹೋದಳು. ತುಪ್ಪ ನಾರುತ್ತದೆ ಎಂದಿತು ಜೇನು. ಬೆನ್ನ ಮೇಲೆ ಮಕ್ಕಳಿವೆ, ಕಾಣುವುದಿಲ್ಲವೇ ಎಂದಿತು ಚೇಳು. ಮುಂದಿನ ಅಮಾವಾಸ್ಯೆಗೆ ನೋಡೋಣ ಎಂದರು ಎಲ್ಲರೂ.

ಮುಂದಿನ ಅಮಾವಾಸ್ಯೆಗೂ ಅದೇ ಮಾತು. ಅದರ ಮುಂದಿನದಕ್ಕೂ ಅದೇ ಮಾತು. ಕೆಲಸ ಬಿಟ್ಟರೆ ಹುಲ್ಲು ಸಾಯುತ್ತಿತ್ತು. ಹಾಗಾಗಿ ಹೊತ್ತಳು. ಹೊರುತ್ತಾ ಹೊರುತ್ತಾ ಅವಳ ಹೆಸರು ಎಲ್ಲರ ಬಾಯಿಂದ ಬಿದ್ದುಹೋಯಿತು. ಏ ಸಗಣಿ, ಇಲ್ಲಿ ಬಾ ಎಂದು ಕರೆಯತೊಡಗಿದರು.

ಬೇಸಿಗೆ ಬಂತು. ಹಳ್ಳ ಬತ್ತಿತು. ಕೆಸುವಿನ ಎಲೆಯ ನಡುವೆ ಮುಂಜಾನೆಯ ಮಂಜು ಕಟ್ಟಿದ ನೀರು ಮಾತ್ರ ಉಳಿಯಿತು. ಎಲ್ಲರೂ ದಂಟು ಹತ್ತಿ ಹೋಗಿ ಕುಡಿಯುತ್ತಿದ್ದರು.

ದುರುಗವ್ವನಿಗೆ ಒಬ್ಬಳೇ ಮಗಳು, ಹುಲಿಗಿ. ಬೆನ್ನು ಇನ್ನೂ ಬಲಿಯದ ಕೂಸು. ನೀರಿಲ್ಲದೆ ಅದು ನಡುಗುತ್ತಿತ್ತು. ತಾಯಿ ಅದನ್ನು ಎಲೆಯ ಬುಡಕ್ಕೆ ತಂದಳು. ಮೇಲೆ, ಎಲೆಯ ಅಂಚಿನಲ್ಲಿ ಚಿಟ್ಟೆ ಕೂತಿತ್ತು.

"ಅಲ್ಲೇ ನಿಲ್ಲಬೇ," ಎಂದಿತು ಚಿಟ್ಟೆ. "ನೀ ಮುಟ್ಟಿದ್ರ ನಾವು ಹೆಂಗ ಕುಡಿಯೋದು? ಕೂಸು ಬಾಯಿ ತೆಗೀಲಿ, ಮೇಲಿಂದ ಬಿಡ್ತೀನಿ."

"ನಾ ದೂರ ನಿಲ್ತೀನವ್ವ. ಕೂಸು ಸಗಣಿ ಮುಟ್ಟಿಲ್ಲ. ಒಂದ್ಸಲ ಎಲಿಗೆ ಬಾಯಿ ಹಚ್ಚಲಿ."

"ಮುಟ್ಟಿಲ್ಲಂದ್ರೇನು, ನಿನ್ನ ಮಗಳಲ್ಲೇನು?"

ಮಿಡತೆ ಕಿಸಕ್ಕನೆ ನಕ್ಕಿತು.

ಚಿಟ್ಟೆ ಎಲೆಯನ್ನು ಬಾಗಿಸಿತು. ಹನಿ ಬಿತ್ತು. ಆದರೆ ದುರುಗವ್ವನ ಕುಲಕ್ಕೆ ಬಾಯಿ ಇರುವುದು ತಲೆಯ ಅಡಿಯಲ್ಲಿ. ಅದನ್ನು ಮೇಲಕ್ಕೆತ್ತಲು ಬರುವುದಿಲ್ಲ. ಇದು ಚಿಟ್ಟೆಗೆ ಗೊತ್ತಿತ್ತು. ಹನಿ ಕೂಸಿನ ಬೆನ್ನಿಗೆ ಬಿತ್ತು, ಜಾರಿತು, ಮಣ್ಣು ಸೇರಿತು. ಮತ್ತೊಂದು ಹನಿ ಬಿತ್ತು, ಜಾರಿತು, ಮಣ್ಣು ಸೇರಿತು. ನನಗೆ ಬೇಡವಾಗಿತ್ತು, ನನಗೆ ಬೇಡವಾಗಿತ್ತು ಎಂದು ಭೂಮಿ ಅತ್ತಿತು.

ಬೆನ್ನು ಒದ್ದೆಯಾಗಿ, ಬಾಯಿ ಒಣಗಿ ಹುಲಿಗಿ ಸತ್ತಳು.

ಪಾಪ, ಹಣೆಬರಹ ಎಂದರು ಎಲ್ಲರೂ. ಹಣೆಬರಹ ಅಲ್ಲ. ನೀರಿತ್ತು. ಕೊಡಲಿಲ್ಲ.

ದುರುಗವ್ವ ಅಳಲಿಲ್ಲ. ಆಗಷ್ಟೇ ಬಿದ್ದಿದ್ದ ಹಸಿ ಸಗಣಿ ತಂದು ಕೂಸನ್ನು ಸುತ್ತಿದಳು. ಉಂಡೆ ಮಾಡಿದಳು. ಮುಂಗಾಲು ನೆಲಕ್ಕೂರಿ, ತಲೆ ತಗ್ಗಿಸಿ, ಹಿಂಗಾಲಿನಿಂದ ಉಂಡೆಯನ್ನು ತಳ್ಳುತ್ತಾ ಹಿಂದಕ್ಕೆ ನಡೆದಳು. ಮುಖ ಮಾತ್ರ ಎಲೆಯ ಕಡೆಗೇ ಇತ್ತು.

ಗಾಳಿಗೆ ತಡೆಯಲಾಗಲಿಲ್ಲ. ತಿರುಗಿ ನಡೆಯವ್ವ, ಹಿಂಗೆ ಹೋದರೆ ಎಡವುತ್ತೀ ಎಂದಿತು.

"ಬೆನ್ನು ತಿರುಗಿಸಿದ್ರ ಇವರು ನನ್ನ ಮರೀತಾರ," ಎಂದಳು ದುರುಗವ್ವ. "ನಾ ಕಣ್ಣಿಗೆ ಮರೆಯಾಗೋತನಕ ಇವರು ನನ್ನ ಮುಖ ನೋಡಬೇಕು."

ದೂರದಲ್ಲಿ ಭೂಮಿ ಬಾಯಿ ತೆರೆದು ಉಂಡೆಯನ್ನು ಒಳಗೆ ತೆಗೆದುಕೊಂಡಿತು. ಮುಂದಿನ ಮೊಟ್ಟೆಯನ್ನು ಹಸಿ ಉಂಡೆಯೊಳಗೇ ಇಡು ಮಗಳೇ ಎಂದು ಮೆಲ್ಲಗೆ ಹೇಳಿತು. ತಿನ್ನಲು ಅದೇ, ತೇವಕ್ಕೂ ಅದೇ. ಬೆನ್ನು ಬಲಿಯುವ ತನಕ ನಿನ್ನ ಕೂಸು ಯಾರ ಎಲೆಯ ಕೆಳಗೂ ನಿಲ್ಲಬೇಕಾಗಿಲ್ಲ ಎಂದಿತು.

ಮಳೆ ಬಂದಾಗ ಹುಲಿಗಿಯನ್ನು ಹೂತ ಜಾಗದಲ್ಲಿ ಹುಲ್ಲು ದಟ್ಟವಾಗಿ ಎದ್ದಿತು. ಮಿಡತೆ ಅದನ್ನೇ ಹೊಟ್ಟೆ ತುಂಬ ತಿಂದಿತು. ದುರುಗವ್ವ ಹುಟ್ಟಿದ್ದೇ ಈ ಕೆಲಸಕ್ಕೆ ಎಂದು ಊರೆಲ್ಲ ಹೇಳಿಕೊಂಡು ಬಂತು. ಅದು ಸುಳ್ಳು ಮಗಾ. ದೊಡ್ಡವರು ಹೇಳಿದರೂ ಸುಳ್ಳೇ.

ಹಸಿ ಸಗಣಿಯ ಮೇಲೆ ಚಿಟ್ಟೆ ಕೂತು ರಸ ಹೀರುವುದನ್ನು ನೀನು ನೋಡಿರಬಹುದು. ಅದಕ್ಕೆ ಯಾರೂ ಅಲ್ಲೇ ನಿಲ್ಲು ಎನ್ನುವುದಿಲ್ಲ.

ನಾಳೆ ದಾರಿಯಲ್ಲಿ ಸಗಣಿ ಹುಳ ತಲೆ ತಗ್ಗಿಸಿ, ಉಂಡೆ ತಳ್ಳುತ್ತಾ ಹಿಂದಕ್ಕೆ ಹೋಗುವುದು ಕಂಡರೆ ಕಡ್ಡಿಯಿಂದ ತಿರುಗಿಸಬೇಡ. ಅಂದು ನೀರು ಕೊಡದವರ ಕಡೆಗೆ ಮುಖ ಇಟ್ಟುಕೊಂಡೇ ದುರುಗವ್ವ ಇಂದಿಗೂ ನಡೆಯುತ್ತಿದ್ದಾಳೆ.