ಮಂತ್ರಿ ಮುಟ್ಟದ ವಡೆ

ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ಕುಸುಬೆ ಬೆಳೆಯುವ ಕರಿನೆಲದ ಒಂದು ರಾಜ್ಯವಿತ್ತಂತೆ. ಅಲ್ಲಿ ಮಲ್ಕವ್ವ ಎಂಬ ಗಾಣಿಗಿತ್ತಿ ಇದ್ದಳು. ಅವಳ ಎಣ್ಣೆ ಬೀಳದೆ ಊರಲ್ಲಿ ಒಂದು ಒಗ್ಗರಣೆಯೂ ಸಿಡಿಯುತ್ತಿರಲಿಲ್ಲ.

ಆ ರಾಜನಿಗೊಬ್ಬ ಮಂತ್ರಿ, ದುಗ್ಗರಸ. ಮಾತಿನಲ್ಲೇ ಮನೆ ಕಟ್ಟುವವ. ಅವನು ಹೊರನಾಡಿನಿಂದ ಎಣ್ಣೆಮರದ ಸಸಿ ತಂದ. ಅದರ ಕಾಯಿ ಹಿಂಡಿ, ಕುದಿಸಿ, ಗಟ್ಟಿಯಾದ ಬಿಳಿ ಕೊಬ್ಬು ಮಾಡಿಸಿದ.

"ಪ್ರಭು, ಇದು ವರ್ಷವಾದರೂ ಕೆಡೋದಿಲ್ಲ" ಅಂದ.

ಕೆಡದ್ದೆಲ್ಲ ಒಳ್ಳೆಯದೇ ಅಂದುಕೊಂಡ ರಾಜ. ರಾಜನಾದ ಮಾತ್ರಕ್ಕೆ ಬುದ್ಧಿ ಇರಲೇಬೇಕು ಅಂತೇನೂ ಇಲ್ಲವಲ್ಲ!

ಮೊದಲ ವರ್ಷ ಕಾಡು ಕಡಿದು ಎಣ್ಣೆಮರ ನೆಟ್ಟರು. ಜೇನು ಊರು ಬಿಟ್ಟಿತು. ಎರಡನೇ ವರ್ಷ ಕುಸುಬೆ ಹೊಲ ಕಿತ್ತು ನೆಟ್ಟರು. ಬಾವಿಗಳು ಬತ್ತಿದವು. ಮೂರನೇ ವರ್ಷ ಗಾಣಗಳನ್ನು ಒಡೆದರು. ಎಲ್ಲರ ಅಡುಗೆಗೂ ಆ ಬಿಳಿ ಕೊಬ್ಬೇ ಗತಿಯಾಗಿ, ಜನ ಎದೆ ಹಿಡಿದುಕೊಂಡು ಬೀಳತೊಡಗಿದರು. ಮಲ್ಕವ್ವನ ಗಂಡನೂ ಹೋದ, ಉಣ್ಣುತ್ತ ಕೂತಲ್ಲೇ.

ಅವಳ ಗಾಣವೊಂದನ್ನು ಮಾತ್ರ ಮಂತ್ರಿ ಉಳಿಸಿದ್ದ. ಊರಿನ ಕಣಜಗಳಲ್ಲಿ ಉಳಿದಿದ್ದ ಕುಸುಬೆಯನ್ನೆಲ್ಲ ಕಸಿದು ಅಲ್ಲಿ ಹಿಂಡಿಸಿ, ಎಣ್ಣೆಯನ್ನು ತನ್ನ ಮನೆಯ ಹಿಂಬಾಗಿಲಿಗೆ ತರಿಸಿಕೊಳ್ಳುತ್ತಿದ್ದ. ಒಂದು ತೊಟ್ಟೂ ಅವಳ ಒಲೆಗಿಲ್ಲ.

"ಬಾಯಿ ಬಿಟ್ಟರೆ ಗಾಣಾನೂ ಇಲ್ಲ, ನೀನೂ ಇಲ್ಲ" ಅಂದಿದ್ದ.

ಅವಳು ಬಾಯಿ ಬಿಟ್ಟಿರಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಆ ಮೌನ ಅವಳನ್ನು ಸುಟ್ಟಿತು. ಇನ್ನು ಯಾರ ಮನೆಯಲ್ಲೂ ಹೀಗಾಗಬಾರದು ಅಂದುಕೊಂಡಳು. ಮೂರು ತಟ್ಟೆ ವಡೆ ಕರಿದು ಆಸ್ಥಾನಕ್ಕೆ ನಡೆದಳು.

"ಮಂತ್ರಿಗಳಿಗೆ ಬಡವಿ ಕೈಯಡಿಗಿ ತಂದೀನ್ರಿ, ಪ್ರಭು."

ಮೊದಲ ತಟ್ಟೆ ಇಟ್ಟಳು. ಮಂತ್ರಿ ಮೂಸಿದ.

"ಇವತ್ತು ನನಗೆ ಉಪವಾಸ."

ಎರಡನೆಯದು ಇಟ್ಟಳು. ಮೂಸಿದ.

"ಮನೆದೇವರ ಹರಕೆ. ಕರಿದದ್ದು ಮುಟ್ಟೋದಿಲ್ಲ."

ಮೂರನೆಯದು ಇಟ್ಟಳು. ಮೂಸಿದ. ಬಾಯಲ್ಲಿ ನೀರೂರಿತು, ಕೈ ತಾನಾಗಿಯೇ ಹೋಯಿತು. ಒಂದು ತಿಂದ, ಎರಡು ತಿಂದ, ಮೂರು ತಿಂದ.

"ಉಪವಾಸ ಎಲ್ಲಿ ಹೋತ್ರಿ?" ಮಲ್ಕವ್ವ ಕೇಳಿದಳು. "ಮೊದಲಿನ ಎರಡು ನಿಮ್ಮ ಬಿಳಿ ಕೊಬ್ಬಿನಾಗ ಕರಿದದ್ದು. ಇದು ಕುಸುಬಿ ಎಣ್ಣ್ಯಾಗ, ದಿನಾ ನಿಮ್ಮ ಮನೀಗೆ ಹೋಗೋದು. ನಾವು ತಿಂದು ಸತ್ತದ್ದು ನಿಮ್ಮ ಗಂಟಲದಾಗ ಯಾಕ ಇಳೀವಲ್ದು?"

ಮಂತ್ರಿಯ ಬಾಯ್ತುಂಬ ವಡೆ.

ರಾಜ ಕೆಂಡವಾದ. "ಇವನಿಗೆ ಸೆರೆಮನೆಯಲ್ಲಿ ಮೂರು ಹೊತ್ತೂ ಆ ಕೊಬ್ಬನ್ನೇ ಉಣಿಸಿ! ಎಣ್ಣೆಮರ ಕಡಿಯಿರಿ. ನಾಳೆಯೇ ಕುಸುಬೆ ಬಿತ್ತಿಸಿ!"

ಸಭೆಯೆಲ್ಲ ಜೈ ಅಂದಿತು. ಮಲ್ಕವ್ವ ಅನ್ನಲಿಲ್ಲ. ಅವಳ ಕಣ್ಣು ತುಂಬಿ ಬಂದಿತ್ತು.

"ಬೀಜ ಎಲ್ಲೈತ್ರಿ ಪ್ರಭು? ಊರಿನ ಕುಸುಬಿ ಎಲ್ಲಾ ಮಂತ್ರಿಗಳು ಹಿಂಡಿಸಿ ಮುಗಿಸ್ಯಾರ. ನನ್ನ ಗಂಡ ಬಿತ್ತಾಕಂತ ನಾಕು ಸೇರು ಮುಚ್ಚಿಟ್ಟಿದ್ದ. ರಾಜ್ಯದಾಗ ಉಳಿದದ್ದು ಅಷ್ಟ. ನಿಮ್ಮ ಕಣ್ಣು ತೆರಸಾಕ ಅದನ್ನೂ ಹಿಂಡಿಬಿಟ್ಟೆ."

ಬೀಜ ಹುಡುಕಲು ರಾಜ ಪೂರ್ವಕ್ಕೆ ಆಳು ಕಳಿಸಿದ, ಪಶ್ಚಿಮಕ್ಕೆ ಕಳಿಸಿದ, ಉತ್ತರಕ್ಕೆ ಕಳಿಸಿದ. ಎಲ್ಲ ಕಡೆಯೂ ಎಣ್ಣೆಮರವೇ. ಮೂವರೂ ಬರಿಗೈಯಲ್ಲಿ ಬಂದರು.

ತಾನು ಉಣ್ಣದ್ದನ್ನು ಊರಿಗೆ ಬಡಿಸುವವನನ್ನು ನಂಬಬೇಡಿ, ಮಕ್ಕಳೇ. ಕೇಳುವುದನ್ನು ಮೊದಲ ವರ್ಷವೇ ಕೇಳಿ. ಮಲ್ಕವ್ವ ಮೂರನೇ ವರ್ಷ ಕೇಳಿದಳು. ಗೆದ್ದಳು. ಆ ವರ್ಷವೂ ಹೊಲಗಳಲ್ಲಿ ಕುಸುಬೆ ಹುಟ್ಟಲಿಲ್ಲ.