ಜಪ ಮಾಡುವ ಮೀನುಗಳು

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಹಾಲಯ್ಯಜ್ಜ ಎಂಬ ಗುರುಗಳು, ಈರಭದ್ರ ಎಂಬ ಶಿಷ್ಯ. ಜೊತೆಗೆ ಗಾಜಿನ ತೊಟ್ಟಿಯಲ್ಲಿ ಕೆಲವು ಬಂಗಾರದ ಬಣ್ಣದ ಮೀನುಗಳು. ಬೇರೆ ಊರಿಗೆ ವರ್ಗವಾದ ಭಕ್ತರೊಬ್ಬರು ಅವನ್ನು ತೊಟ್ಟಿಯ ಸಮೇತ ಮಠಕ್ಕೆ ಬಿಟ್ಟು ಹೋಗಿದ್ದರು.

ಈರಭದ್ರನಿಗೆ ಮೀನುಗಳೆಂದರೆ ಜೀವ. ಬಾಲದಲ್ಲಿ ಬಿಳಿ ಮಚ್ಚೆಯಿದ್ದ ಒಂದು ಮೀನಂತೂ ಅವನ ಬೆರಳಿನಿಂದಲೇ ಕಾಳು ತಿನ್ನುತ್ತಿತ್ತು.

ಅವನ ಕೊರಗು ಬೇರೆ. ಎಷ್ಟು ಜಪ ಮಾಡಿದರೂ ಮನಸ್ಸು ನಿಲ್ಲುತ್ತಿರಲಿಲ್ಲ. ಕಾರಣವನ್ನು ಅವನೇ ಕಂಡುಹಿಡಿದಿದ್ದ: ತೊಟ್ಟಿಗೆ ಗಾಳಿ ಬಿಡುವ ಪಂಪಿನ ಗುರ್ ಗುರ್ ಸದ್ದು. ಹಾಗಾಗಿ ಸಂಜೆ ಭಜನೆಗೆ ಕೂರುವ ಮುಂಚೆ ಪಂಪು ಆರಿಸುತ್ತಿದ್ದ, ಬೆಳಗಿನ ಪೂಜೆ ಮುಗಿದ ಮೇಲೆ ಹಾಕುತ್ತಿದ್ದ. ದೇವರ ಹೊತ್ತಿನಲ್ಲಿ ಮೋಟರಿನ ಗಲಾಟೆ ಯಾಕೆ ಎಂಬುದು ಅವನ ವಿಚಾರ.

ಒಂದು ದಿನ ಬೆಳಗಿನ ಜಾವ ‘ಓಂ ನಮಃ ಶಿವಾಯ’ ಎನ್ನುತ್ತ ಕೂತವನು ಕಣ್ಣು ಬಿಟ್ಟ. ಜಪದ ನಡುವೆ ಕಣ್ಣು ಬಿಡಬಾರದು, ಇರಲಿ. ನೋಡಿದರೆ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

ಅವನು ಗುರುಗಳ ಹತ್ತಿರ ಓಡಿದ.

“ಅಜ್ಜಾರ, ಮೀನಾ ಜಪಾ ಮಾಡಾಕ ಹತ್ಯಾವ್ರೀ!”

“ಏನಂತಾವ?”

“ಓಂ ನಮಃ ಶಿವಾಯ ಅಂತಾವ್ರೀ.”

“ನಿನಗ ಕೇಳಿಸ್ತೇನು?”

“ಕೇಳಿಸಲಿಲ್ರೀ. ಬಾಯಿ ನೋಡಿದ್ರ ಗೊತ್ತಾಗತೈತಿ.”

“ನಾಳೆ ನೀ ಬಾಯಿ ಮುಚ್ಚಿಕೊಂಡು ಕೂಡು. ನೋಡೂಣು.”

ಮರುದಿನ ಈರಭದ್ರ ತುಟಿ ಬಿಚ್ಚದೆ ಕೂತ. ಮೀನುಗಳು ಮತ್ತೆ ಮೇಲೆ ಬಂದವು, ಮತ್ತೆ ಬಾಯಿ ಬಿಟ್ಟವು. ಅವನಿಗೆ ಸಂತೋಷ ಪಡಬೇಕೋ ಹೊಟ್ಟೆಕಿಚ್ಚು ಪಡಬೇಕೋ ತಿಳಿಯಲಿಲ್ಲ.

ಅಜ್ಜ ಭಕ್ತರ ಊರಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದರು.

“ಅಜ್ಜಾರ, ನಾ ಸುಮ್ನಿದ್ರೂ ಅವು ಬಿಡವಲ್ವು.”

“ಹಂಗಾದ್ರ ಅವು ನಿನ್ನ ಮಾತು ಹೇಳಾಕ ಹತ್ತಿಲ್ಲ.”

“ಮತ್ತ ಯಾರ ಮಾತ್ರೀ?”

“ಅವನ್ನ ಕೇಳು.”

ಬಸ್ಸು ಬಂತು, ಅಜ್ಜ ಹತ್ತಿ ಹೋದರು.

ಈರಭದ್ರ ಗುರುವಾಕ್ಯವನ್ನು ಅಕ್ಷರಶಃ ಪಾಲಿಸಿದ. ತೊಟ್ಟಿಯ ಮುಂದೆ ಕೈಮುಗಿದು ನಿಂತು, “ಯಾರ ಮಾತು ಹೇಳಾಕ ಹತ್ತೀರಿ?” ಎಂದು ಕೇಳಿದ. ಮೀನುಗಳು ಬಾಯಿ ತೆರೆದವು, ಮುಚ್ಚಿದವು. ಇಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟರೂ ತನಗೆ ಅರ್ಥವಾಗುವುದಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಸುದ್ದಿ ಊರಿಗೆ ಮುಟ್ಟಲು ತಡವಾಗಲಿಲ್ಲ. ಬೆಳಕು ಹರಿಯುವ ಮುಂಚೆ ಜನ ಬಂದು ಕೂರತೊಡಗಿದರು. ಬಂದವರು ಬರಿಗೈಲಿ ಬರುತ್ತಾರೆಯೇ? ತೊಟ್ಟಿಗೆ ಚುರುಮುರಿ ಬಿತ್ತು, ಸಕ್ಕರೆ ಬಿತ್ತು, ಸೇವಂತಿಗೆ ಬಿತ್ತು.

ಊರಿನ ಹಿರಿಯರೊಬ್ಬರು ಮೀನುಗಳಿಗೆ ಸನ್ಮಾನ ಮಾಡಬೇಕೆಂದರು. ಸನ್ಮಾನವೆಂದ ಮೇಲೆ ಶಾಲು ಇರಲೇಬೇಕು. ಮೀನಿಗೆ ಹೆಗಲೆಲ್ಲಿ? ತೊಟ್ಟಿಯ ಬಾಯಿಗೇ ಹೊದಿಸಿದರು.

ಮೀನುಗಳು ಇನ್ನೂ ಜೋರಾಗಿ ಬಾಯಿ ಬಿಟ್ಟವು. ಜನರ ಭಕ್ತಿಯೂ ಜೋರಾಯಿತು. ಪೂಜೆ ಮುಗಿದು ಪಂಪು ಶುರುವಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಅವು ಸ್ವಲ್ಪ ಕೆಳಗಿಳಿದರೆ, “ಈಗ ಮೌನವ್ರತ” ಎಂದು ಜನ ಪಿಸುಗುಟ್ಟಿದರು.

ಈರಭದ್ರನಿಗೆ ಮಾತ್ರ ಏನೋ ಕಸಿವಿಸಿ. ಬಿಳಿ ಮಚ್ಚೆಯ ಮೀನು ಅವನ ಬೆರಳಿನ ಹತ್ತಿರ ಬರುವುದನ್ನು ಬಿಟ್ಟಿತ್ತು.

“ಯಾಕ ತಿನ್ನವಲ್ದು ಇದು?” ಎಂದು ಹಿರಿಯರನ್ನು ಕೇಳಿದ.

“ಉಪವಾಸ ಹಿಡದೈತಿ,” ಎಂದರು ಹಿರಿಯರು.

ರುಚಿಸಲಿ ಎಂದು ಕಾಳು ಬದಲಿಸಿದ. ಬಿಸಿಲಾಯಿತೇನೋ ಎಂದು ತೊಟ್ಟಿಯನ್ನು ಮೂಲೆಗೆ ಸರಿಸಿದ. ದೃಷ್ಟಿಯಾಯಿತೇನೋ ಎಂದು ನಿಂಬೆಹಣ್ಣು ಕಟ್ಟಿದ. ಪ್ರತಿ ಬೆಳಗ್ಗೆ ಅದೇ ಬಾಯಿ, ಅದೇ ಆತುರ. ಇದು ಒಳ್ಳೆಯದೋ ಕೆಟ್ಟದ್ದೋ ಅವನಿಗೆ ಬಗೆಹರಿಯಲಿಲ್ಲ.

ಒಂದು ಬೆಳಗ್ಗೆ ಬಿಳಿ ಮಚ್ಚೆಯ ಮೀನು ಅಂಗಾತ ತೇಲುತ್ತಿತ್ತು.

“ಲಿಂಗೈಕ್ಯ ಆತು,” ಎಂದರು ಜನ. “ಜಪಾ ಮಾಡ್ಕೋತನ ಹೋತು, ಎಂಥಾ ಪುಣ್ಯದ ಜೀವ!” ಸಣ್ಣದೊಂದು ಗದ್ದುಗೆ ಕಟ್ಟಿಸುವ ಮಾತೂ ಎದ್ದಿತು.

ಈರಭದ್ರ ಮೀನನ್ನು ಅಂಗೈಯಲ್ಲಿಟ್ಟುಕೊಂಡು ಅಳುತ್ತಿದ್ದ. ಅಷ್ಟರಲ್ಲಿ ಮೊದಲ ಬಸ್ಸಿಗೆ ಅಜ್ಜ ಬಂದಿಳಿದರು.

“ಅಜ್ಜಾರ, ನನಗೊಂದೂ ತಿಳಿವಲ್ದು. ಜಪಾ ಮಾಡೂ ಮೀನು ಯಾಕ ಸತ್ತೋತ್ರೀ? ಉಳದಾವೂ ಹಂಗ ಬಾಯಿ ಬಿಡಾಕ ಹತ್ಯಾವ. ಇದು ಭಕ್ತಿಯೋ ಬ್ಯಾನಿಯೋ?”

ಅಜ್ಜ ತೊಟ್ಟಿಯ ಮೇಲಿನ ಶಾಲು ತೆಗೆದು, ಮಡಿಕೆ ಹಾಕಿ, ಈರಭದ್ರನ ಮುಖಕ್ಕೆ ಸುತ್ತಿ ಹಿಂದಿನಿಂದ ಬಿಗಿಯಾಗಿ ಹಿಡಿದರು.

“ಈಗ ಜಪಾ ಮಾಡು.”

ಶಾಲಿನೊಳಗೆ ಅವನ ಬಾಯಿ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು ಎಲ್ಲರಿಗೂ ಕಂಡಿತು.

“ನೋಡ್ರೀ,” ಎಂದು ಅಜ್ಜ ಜನರ ಕಡೆ ತಿರುಗಿದರು. “ಎಂಥಾ ಭಕ್ತಿ ಐತಿ ಇವಗ!”

ಹಿರಿಯರು ಕೈ ಮುಗಿದೇಬಿಟ್ಟರು.

ಈರಭದ್ರ ಶಾಲು ಕಿತ್ತೆಸೆದ. “ಉಸಿರು! ಅಜ್ಜಾರ, ಅವಕ್ಕ ಉಸಿರು ಸಾಲವಲ್ದು!”

“ಯಾಕ ಸಾಲವಲ್ದು?”

“ಶಾಲು ಹೊಚ್ಚೀವಿ. ಪಂಪು... ಪಂಪು ನಾನ ಬಂದ್ ಮಾಡ್ತಿದ್ದೆರೀ. ಜಪಕ್ಕ ಅಡ್ಡ ಆಗತಿತ್ತು.”

ಓಡಿಹೋಗಿ ಸ್ವಿಚ್ಚು ಒತ್ತಿದ. ಸದ್ದಿಲ್ಲ. ಕರೆಂಟು ಹೋಗಿತ್ತು. ತೊಟ್ಟಿಯಲ್ಲಿ ಇನ್ನೊಂದು ಮೀನು ಆಗಲೇ ಮಗ್ಗುಲಿಗೆ ವಾಲತೊಡಗಿತ್ತು.

“ಈಗೇನ್ ಮಾಡ್ಲಿ ಅಜ್ಜಾರ?”

“ಬಿಸಿ ಚಾ ಹೆಂಗ ಆರಸ್ತಿ?”

ಈರಭದ್ರ ಗಲಿಬಿಲಿಯಿಂದ ಅವರ ಮುಖ ನೋಡಿದ. ಸಾಯುವ ಮೀನಿಗೂ ಚಹಾಕ್ಕೂ ಏನು ಸಂಬಂಧ? ಅಜ್ಜ ಅವನ ಕೈಗೆ ಒಂದು ಚರಿಗೆ ಕೊಟ್ಟರು, ತಾವೊಂದು ಹಿಡಿದರು. ತೊಟ್ಟಿಯ ನೀರನ್ನೇ ಮೊಗೆದು, ಕೈ ಎತ್ತರಿಸಿ, ಸಣ್ಣ ಧಾರೆಯಾಗಿ ಮತ್ತೆ ತೊಟ್ಟಿಗೇ ಸುರಿದರು. ಬಿದ್ದಲ್ಲೆಲ್ಲ ಗುಳ್ಳೆ ಎದ್ದವು.

ಆಗ ಅವನಿಗೆ ತಿಳಿಯಿತು. ಮೊಗೆದ, ಸುರಿದ, ಮೊಗೆದ, ಸುರಿದ. ಜನ ಕೊಳೆತ ಚುರುಮುರಿ, ಹೂವು ಎಲ್ಲ ಬಾಚಿ ತೆಗೆದರು. ರಟ್ಟೆ ಸೋತರೂ ಈರಭದ್ರ ಚರಿಗೆಯನ್ನು ಇನ್ನೊಬ್ಬರಿಗೆ ಕೊಡಲಿಲ್ಲ. ಪೂಜೆಯ ಹೊತ್ತು ಬಂತು, ಹೋಯಿತು. ಅವತ್ತು ಜಪ ತಪ್ಪಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಬಿಸಿಲೇರುವ ಹೊತ್ತಿಗೆ ವಾಲಿದ್ದ ಮೀನು ನೆಟ್ಟಗಾಯಿತು. ಆಮೇಲೆ ಒಂದೊಂದಾಗಿ ಎಲ್ಲವೂ ಕೆಳಗಿಳಿದವು.

ಸತ್ತ ಮೀನನ್ನು ಇಬ್ಬರೂ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು. ಗದ್ದುಗೆ ಕಟ್ಟಲಿಲ್ಲ.

“ನಾನೂ ಒಮ್ಮಿ ಎದ್ದು ಬಂದು ನೋಡಬೇಕಾಗಿತ್ತು, ತಮ್ಮಾ,” ಎಂದರು ಅಜ್ಜ.

ಅಂದಿನಿಂದ ಪಂಪು ಹಗಲೂ ರಾತ್ರಿ ಗುರ್ ಎನ್ನುತ್ತದೆ. ಈರಭದ್ರ ಅದರ ಪಕ್ಕದಲ್ಲೇ ಜಪಕ್ಕೆ ಕೂರುತ್ತಾನೆ. ಮನಸ್ಸು ಈಗಲೂ ನಿಲ್ಲುವುದಿಲ್ಲ.

ಸ್ವಲ್ಪ ದಿನ ಕಳೆದು, ಒಂದು ಬೆಳಗಿನ ಜಾವ ದೂರದ ಊರಿನಿಂದ ಗಾಡಿ ತುಂಬ ಭಕ್ತರು ಬಂದರು. ಹೂವು, ಕಾಯಿ, ಹೊಸದೊಂದು ಶಾಲು. ಬಹಳ ಹೊತ್ತು ತೊಟ್ಟಿಯ ಮುಂದೆ ಕಾದರು. ಮೀನುಗಳು ತಳದಲ್ಲಿ ಅತ್ತಿತ್ತ ಓಡಾಡಿಕೊಂಡಿದ್ದವು, ಒಂದೂ ಮೇಲೆ ಬರಲಿಲ್ಲ. ಭಕ್ತರ ಮುಖ ಸಣ್ಣದಾಯಿತು. ಅವರಲ್ಲೊಬ್ಬ ತಾಯಿ ಕಣ್ಣೊರೆಸಿಕೊಂಡದ್ದನ್ನು ನೋಡಿ ಈರಭದ್ರನಿಗೆ ತಡೆಯಲಾಗಲಿಲ್ಲ. ಎದ್ದು ಒಳಗೆ ಬಂದ.

“ಅಜ್ಜಾರ, ಪಾಪ, ಭಾಳ ದೂರದಿಂದ ಬಂದಾರ. ಮೀನಾ ಜಪಾ ಯಾಕ ಬಿಟ್ಟಾವ ಅಂತ ಕೇಳಾಕ ಹತ್ಯಾರ. ಏನಂತ ಹೇಳ್ಲಿ?”

“ಆರಾಮ ಅದಾವ ಅಂತ ಹೇಳು.”